ನೆತ್ತರಿನ ಓಟ ಕೇಳಿಸಿದ ಡಾಪ್ಲರ್

ಬಬಲೇಶ್ವರ, ತಿಕೋಟಾ ಸುತ್ತಲಿನ ಹಳ್ಳಿಗಳಿಂದ ವಿಜಯಪುರದ ಆಸ್ಪತ್ರೆಗಳಿಗೆ ಬರುವ ಗರ್ಭಿಣಿಯರ ಚೀಟಿಯಲ್ಲಿ ಒಮ್ಮೊಮ್ಮೆ ‘ಡಾಪ್ಲರ್’ ಎಂಬ ಪದ ಕಾಣುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದವರಿಗೆ, ಹೃದಯದ ಕವಾಟ ಕೆಟ್ಟವರಿಗೆ, ಇದ್ದಕ್ಕಿದ್ದಂತೆ ಒಂದೇ ಕಾಲು ಬಾತುಕೊಂಡವರಿಗೂ ವೈದ್ಯರು ಇದೇ ಪದ ಬರೆದುಕೊಡುತ್ತಾರೆ. ಇದು ರೋಗದ ಹೆಸರಲ್ಲ, ಔಷಧದ ಹೆಸರೂ ಅಲ್ಲ. ಒಬ್ಬ ಮನುಷ್ಯನ ಹೆಸರು. ಸ್ವಾರಸ್ಯವೆಂದರೆ ಆತ ವೈದ್ಯನೇ ಆಗಿರಲಿಲ್ಲ.

ಕ್ರಿಸ್ಟಿಯನ್ ಡಾಪ್ಲರ್ ಹುಟ್ಟಿದ್ದು 1803ರಲ್ಲಿ, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನ ಕಲ್ಲುಕುಟಿಗರ ಮನೆತನದಲ್ಲಿ. ಪ್ರಾಗ್ ನಗರದಲ್ಲಿ ಗಣಿತದ ಅಧ್ಯಾಪಕನಾಗಿದ್ದಾಗ, 1842ರಲ್ಲಿ, ಜೋಡಿ ನಕ್ಷತ್ರಗಳ ಬಣ್ಣವನ್ನು ಕುರಿತು ಆತ ಒಂದು ಪ್ರಬಂಧ ಮಂಡಿಸಿದ. ಅಲೆಯನ್ನು ಹೊರಡಿಸುವ ವಸ್ತು ನಮ್ಮತ್ತ ಬರುತ್ತಿದ್ದರೆ ಅಲೆಗಳು ಒತ್ತೊತ್ತಾಗಿ ತಲುಪುತ್ತವೆ, ದೂರ ಸರಿಯುತ್ತಿದ್ದರೆ ವಿರಳವಾಗುತ್ತವೆ ಎಂಬುದು ಅದರ ತಿರುಳು. ನಕ್ಷತ್ರಗಳ ಬಣ್ಣಕ್ಕೆ ಆತ ಕೊಟ್ಟ ವಿವರಣೆ ನಿಲ್ಲಲಿಲ್ಲ. ತತ್ವ ಮಾತ್ರ ನಿಂತಿತು.

ಈ ತತ್ವದ ಅನುಭವ ರೈಲು ನಿಲ್ದಾಣದಲ್ಲಿ ಎಲ್ಲರಿಗೂ ಆಗಿರುತ್ತದೆ. ನಿಲ್ಲದೆ ಹಾದುಹೋಗುವ ರೈಲಿನ ಸಿಳ್ಳು ಹತ್ತಿರ ಬರುವಾಗ ಕೀಚಲಾಗಿ, ನಮ್ಮನ್ನು ದಾಟಿದ ಕೂಡಲೇ ದಪ್ಪಗೆ ಕೇಳುತ್ತದೆ. ಸಿಳ್ಳು ಬದಲಾಗಿಲ್ಲ, ಬದಲಾದದ್ದು ರೈಲು ಸಾಗುವ ದಿಕ್ಕು. 1845ರಲ್ಲಿ ಹಾಲೆಂಡಿನ ವಿಜ್ಞಾನಿ ಬಾಯ್ಸ್ ಬ್ಯಾಲೊಟ್ ರೈಲಿನಲ್ಲಿ ತುತ್ತೂರಿ ಊದುವವರನ್ನು ಕೂರಿಸಿ, ಹಳಿಯ ಪಕ್ಕ ಸಂಗೀತಗಾರರನ್ನು ನಿಲ್ಲಿಸಿ ಇದನ್ನು ಪರೀಕ್ಷಿಸಿದ. ಡಾಪ್ಲರ್ ಹೇಳಿದ್ದು ನಿಜವೆಂದು ಸಾಬೀತಾಯಿತು. ಡಾಪ್ಲರ್ 1853ರಲ್ಲಿ, 49ನೇ ವಯಸ್ಸಿನಲ್ಲಿ ತೀರಿಕೊಂಡ.

ಗುಮ್ಮಟದ ಪ್ರತಿಧ್ವನಿ

ಇನ್ನು ಎರಡನೆಯ ಸಂಗತಿ ಪ್ರತಿಧ್ವನಿ. ವಿಜಯಪುರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮೇಲಿನ ಪಡಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಎದುರಿನ ಗೋಡೆಗೆ ಬಡಿದು ಮರಳಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಬೇಕು. ಸ್ಕ್ಯಾನಿಂಗ್ ಯಂತ್ರ ಮಾಡುವುದೂ ಇದೇ ಕೆಲಸ. ಆದರೆ ಅದರ ಸದ್ದು ನಮ್ಮ ಕಿವಿಗೆ ನಿಲುಕದ ಶ್ರವಣಾತೀತ ಧ್ವನಿ. ಮನುಷ್ಯನ ಕಿವಿ ಸೆಕೆಂಡಿಗೆ 20 ಸಾವಿರ ಕಂಪನಗಳವರೆಗೆ ಕೇಳಬಲ್ಲದು. ಯಂತ್ರದ್ದು ಹಲವು ದಶಲಕ್ಷ ಕಂಪನ. ದೇಹದೊಳಗೆ ಈ ಧ್ವನಿ ಸೆಕೆಂಡಿಗೆ ಸುಮಾರು 1,540 ಮೀಟರ್ ಚಲಿಸುವುದರಿಂದ 15 ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ ಐದು ಸಾವಿರದ ಒಂದು ಭಾಗ ಸಾಕು.

ಪ್ರತಿಧ್ವನಿ ಮತ್ತು ಡಾಪ್ಲರನ ತತ್ವ ಕೂಡಿದಾಗ ರಕ್ತದ ಓಟ ಗೊತ್ತಾಗುತ್ತದೆ. ನಿಂತ ವಸ್ತುವಿಗೆ ಬಡಿದ ಧ್ವನಿ ಹೋದಂತೆಯೇ ಮರಳುತ್ತದೆ. ಓಡುತ್ತಿರುವ ಕೆಂಪು ರಕ್ತಕಣಕ್ಕೆ ಬಡಿದರೆ ಅದರ ಕಂಪನಸಂಖ್ಯೆ ಬದಲಾಗಿರುತ್ತದೆ. ಆ ವ್ಯತ್ಯಾಸವನ್ನು ಅಳೆದರೆ ರಕ್ತದ ವೇಗ ಸಿಕ್ಕಿತು. ಈ ವ್ಯತ್ಯಾಸ ಸಾಮಾನ್ಯವಾಗಿ ಸೆಕೆಂಡಿಗೆ ಕೆಲವು ನೂರರಿಂದ ಕೆಲವು ಸಾವಿರ ಕಂಪನಗಳಷ್ಟಿದ್ದು, ಕಿವಿಗೆ ಕೇಳುವ ಮಿತಿಯೊಳಗೇ ಬರುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಕೇಳುವ ‘ಶುಂಯ್ ಶುಂಯ್’ ಸದ್ದು ಅದೇ.

ಸೂಜಿ ಚುಚ್ಚದೆ

ಆದಿಲಶಾಹಿ ಕಾಲದಲ್ಲಿ, 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬಿನಿಂದ ನಗರಕ್ಕೆ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಒತ್ತಡ ತಗ್ಗಿಸಲು ಕಟ್ಟಿದ ‘ಗಂಜ್’ ಎಂಬ ನೀರಿನ ಗೋಪುರಗಳು ಇಂದಿಗೂ ಅಲ್ಲಲ್ಲಿವೆ. ಹೂತ ಕೊಳವೆಯಲ್ಲಿ ನೀರಿನ ಓಟ ಹೇಗಿದೆ ಎಂದು ತಿಳಿಯಲು ಎಲ್ಲಾದರೂ ಒಂದೆಡೆ ತೆರೆದು ನೋಡಬೇಕು. ರಕ್ತನಾಳದ ವಿಷಯದಲ್ಲೂ ಹಾಗೆಯೇ ಇತ್ತು. ನಾಳಕ್ಕೆ ಸೂಜಿ ಅಥವಾ ಕೊಳವೆ ತೂರಿಸದೆ ಒಳಗಿನ ಸ್ಥಿತಿಯನ್ನು ಅಳೆಯುವುದು ಕಷ್ಟವಾಗಿತ್ತು.

ಈ ತೊಡಕು ಸಡಿಲಗೊಂಡದ್ದು 1950ರ ದಶಕದಲ್ಲಿ. ಜಪಾನಿನ ಒಸಾಕಾದಲ್ಲಿ ಶಿಗೆಓ ಸಾಟೊಮುರಾ ಡಾಪ್ಲರ್ ವಿಧಾನದಿಂದ ಹೃದಯದ ಚಲನೆಯನ್ನು ಗುರುತಿಸಿ 1957ರಲ್ಲಿ ವರದಿ ಪ್ರಕಟಿಸಿದರು. 1977ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಫಿಟ್ಜ್‌ಜೆರಾಲ್ಡ್ ಮತ್ತು ಡ್ರಮ್ ಎಂಬ ವೈದ್ಯರು ಹೊಕ್ಕುಳಬಳ್ಳಿಯ ರಕ್ತದ ಹರಿವನ್ನು ದಾಖಲಿಸಿದರು. ಅದೇ ದಶಕದ ಕೊನೆಯ ಹೊತ್ತಿಗೆ ನಾರ್ವೆಯ ಲಿವ್ ಹಾಟ್ಲೆ ಮತ್ತಿತರರು ಹೃದಯದ ಕವಾಟ ಎಷ್ಟು ಕಿರಿದಾಗಿದೆ ಎಂಬುದನ್ನು ಹೊರಗಿನಿಂದಲೇ ಲೆಕ್ಕಹಾಕಿ ತೋರಿಸಿದರು. ದ್ರಾಕ್ಷಿ ತೋಟಕ್ಕೆ ನೀರು ಬಿಡುವ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ರಭಸದಿಂದ ಚಿಮ್ಮುವುದಿಲ್ಲವೇ? ಕಿರಿದಾದ ಕವಾಟದಲ್ಲೂ ರಕ್ತದ ವೇಗ ಹಾಗೆಯೇ ಏರುತ್ತದೆ. ಕೀಲುವಾತದ ಜ್ವರದಿಂದ ಕವಾಟ ಕೆಡುವುದು ಹೆಚ್ಚಾಗಿದ್ದ ನಮ್ಮಂಥ ದೇಶಕ್ಕೆ ಇದು ದೊಡ್ಡ ಉಪಕಾರ.

ಬಣ್ಣದ ಚಿತ್ರ ಕೊಡುವ ‘ಕಲರ್ ಡಾಪ್ಲರ್’ ಬಂದದ್ದು 1980ರ ದಶಕದಲ್ಲಿ. ಅಲ್-ಅಮೀನ್ ಹಾಗೂ ಬಿ.ಎಲ್.ಡಿ.ಇ. ಸಂಸ್ಥೆಗಳ ವೈದ್ಯಕೀಯ ಕಾಲೇಜುಗಳು ಅಂದಿನ ಬಿಜಾಪುರದಲ್ಲಿ ಆರಂಭವಾದದ್ದೂ ಅದೇ ದಶಕದಲ್ಲಿ. ಈ ಚಿತ್ರದಲ್ಲಿನ ಕೆಂಪು ಶುದ್ಧರಕ್ತ, ನೀಲಿ ಅಶುದ್ಧರಕ್ತ ಎಂದು ಅನೇಕರು ತಿಳಿಯುತ್ತಾರೆ. ಅದು ತಪ್ಪು. ಸಾಮಾನ್ಯವಾಗಿ, ಯಂತ್ರದ ಕಡೆಗೆ ಬರುವ ರಕ್ತಕ್ಕೆ ಕೆಂಪು, ದೂರ ಹೋಗುವ ರಕ್ತಕ್ಕೆ ನೀಲಿ ಬಣ್ಣ ಕೊಡಲಾಗುತ್ತದೆ, ಅಷ್ಟೆ.

ಕೂಸಿನ ಪ್ರಶ್ನೆ

ಡಾಪ್ಲರ್‌ನ ಬೆಲೆ ಹೆಚ್ಚು ತಿಳಿಯುವುದು ಹೆರಿಗೆಯ ವಿಷಯದಲ್ಲಿ. ಆರೋಗ್ಯವಂತ ಗರ್ಭದಲ್ಲಿ, ದಿನ ತುಂಬುತ್ತ ಬಂದಂತೆ, ಕೂಸಿನ ಹೃದಯದ ಎರಡು ಬಡಿತಗಳ ನಡುವೆಯೂ ರಕ್ತ ಮಾಸಿನತ್ತ ಹರಿಯುತ್ತಲೇ ಇರುತ್ತದೆ. ತಾಯಿಗೆ ರಕ್ತದೊತ್ತಡ ಏರಿದಾಗ, ಕೂಸಿನ ಬೆಳವಣಿಗೆ ಕುಂಠಿತವಾದಾಗ ಆ ಹರಿವು ಕ್ಷೀಣಿಸಬಹುದು, ನಿಲ್ಲಬಹುದು, ಹಿಮ್ಮುಖವೂ ಆಗಬಹುದು. ಹಿಮ್ಮುಖವಾದರೆ ಕೂಸಿನ ಜೀವಕ್ಕೆ ಅಪಾಯವಿದೆಯೆಂದೇ ಅರ್ಥ. ಅಪಾಯದ ಗರ್ಭಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳನ್ನು ಒಳಗೊಂಡ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಡಾಪ್ಲರ್ ಬಳಸದ ಕಡೆ ಶೇ 1.7ರಷ್ಟಿದ್ದ ಶಿಶುಮರಣ ಬಳಸಿದ ಕಡೆ ಶೇ 1.2ಕ್ಕೆ ಇಳಿದಿತ್ತು. ತೊಂದರೆಯಿಲ್ಲದ ಗರ್ಭಿಣಿಯರಿಗೆಲ್ಲ ಈ ಪರೀಕ್ಷೆ ಮಾಡುವುದರಿಂದ ಅಂಥ ಲಾಭ ಕಂಡುಬಂದಿಲ್ಲ. ಎಕ್ಸ್-ರೇ ವಿಕಿರಣದ ಭಯ ಇದರಲ್ಲಿಲ್ಲವಾದರೂ ಮೊದಲ ತಿಂಗಳುಗಳಲ್ಲಿ ವಿನಾಕಾರಣ ಡಾಪ್ಲರ್ ಬೇಡವೆಂಬುದು ತಜ್ಞರ ಸಲಹೆ.

ಇದೇ ಯಂತ್ರಕ್ಕೆ ಇನ್ನೊಂದು ಮುಖವೂ ಇದೆ. ಸ್ಕ್ಯಾನಿಂಗ್ ಹೆಣ್ಣು ಭ್ರೂಣಹತ್ಯೆಗೆ ದಾರಿಯಾಯಿತು. ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ರಲ್ಲಿ 927ಕ್ಕೆ ಕುಸಿಯಿತು. 1994ರಲ್ಲಿ ಅಂಗೀಕಾರವಾಗಿ 1996ರಲ್ಲಿ ಜಾರಿಗೆ ಬಂದು, 2003ರಲ್ಲಿ ಬಿಗಿಗೊಂಡ ಕಾನೂನಿನ ಪ್ರಕಾರ ಭ್ರೂಣದ ಲಿಂಗ ತಿಳಿಸುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಸಜೆ ಮತ್ತು ದಂಡ. ಪ್ರತಿ ಯಂತ್ರಕ್ಕೂ ನೋಂದಣಿ, ಪ್ರತಿ ಗರ್ಭಿಣಿಯ ಪರೀಕ್ಷೆಗೂ ದಾಖಲೆ ಬೇಕು. ಹಾಗಾಗಿ ಹಳ್ಳಿಹಳ್ಳಿಗೆ ಯಂತ್ರ ಒಯ್ಯುವುದು ಸುಲಭವಲ್ಲ. ಗರ್ಭಿಣಿಯೇ ಪಟ್ಟಣಕ್ಕೆ ಬರಬೇಕು.

ಆದ್ದರಿಂದ ರಕ್ತದೊತ್ತಡವಿರುವ ಸೊಸೆಗೆ ವೈದ್ಯರು ಡಾಪ್ಲರ್ ಬರೆದುಕೊಟ್ಟರೆ, ಹೊಲದ ಕೆಲಸ ಮುಗಿಯಲಿ, ಸಂತೆ ಕಳೆಯಲಿ ಎಂದು ಮುಂದೂಡುವುದು ತರವಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆಯೂ ಒಂದೇ: ಕೂಸಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ? ಅದು ಗಂಡೋ ಹೆಣ್ಣೋ ಎಂಬುದು ಹುಟ್ಟಿದ ಮೇಲೆ ತಾನಾಗಿ ತಿಳಿಯುತ್ತದೆ.