ಸುವಾರ್ತೆಗಳಲ್ಲಿ ರೋಗಶಮನದ ಪವಾಡಗಳು

ಕುಣಿಗಲ್ ತಾಲ್ಲೂಕಿನ ಅಮೃತೂರಿಗೆ ಹೆಸರಿನಲ್ಲಿಯೇ ಅಮೃತವಿದೆ. ಅದೇ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿದೆ. ನೊಂದವರು ಹರಕೆ ಹೊತ್ತು ಅಲ್ಲಿಗೆ ಬರುವುದು ಇಂದು ನಿನ್ನೆಯ ಮಾತಲ್ಲ. ಈ ಸೀಮೆಯವರಿಗೆ ಪವಾಡವೆಂಬುದು ಹೊಸ ಸುದ್ದಿಯೇನೂ ಅಲ್ಲ.

ಇಂಥ ನಾಡಿಗೆ ಕ್ರೈಸ್ತ ಸುವಾರ್ತೆಯೂ ಬಂದಿತು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1831ರ ಹೊತ್ತಿಗೆ ಬೈಬಲ್ಲು ಪೂರ್ತಿಯಾಗಿ ಕನ್ನಡಕ್ಕೆ ಇಳಿದಿತ್ತು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಕೆಲಸವನ್ನು ಆರಂಭಿಸಿದನು. ಕುಷ್ಠರೋಗಿ ಗುಣವಾದನು, ಕುರುಡನಿಗೆ ಕಣ್ಣು ಬಂದಿತು ಎಂಬ ಕಥೆಗಳನ್ನು ಕೇಳಿದವರಿಗೆ, ಇಂಥವು ನಮ್ಮಲ್ಲಿಯೂ ಉಂಟಲ್ಲ ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ಹಾಗಾದರೆ ಆ ಕಥೆಗಳ ವಿಶೇಷವೇನು?

ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿಯೇ ಕುಷ್ಠರೋಗಿಯೊಬ್ಬ ಬರುತ್ತಾನೆ. ಯೆಹೂದ್ಯರ ಧರ್ಮಶಾಸ್ತ್ರದಂತೆ ಅವನು ಊರ ಹೊರಗಿರಬೇಕು. ತಾನು ಅಶುದ್ಧನೆಂದು ಕೂಗಿ ಹೇಳಿಕೊಳ್ಳಬೇಕು. ಅಲ್ಲಿ ಕುಷ್ಠವೆಂದು ಕರೆದದ್ದು ಇಂದಿನ ವೈದ್ಯರು ಹೇಳುವ ಒಂದೇ ರೋಗವಲ್ಲ. ಚರ್ಮದ ಹಲವು ಬೇನೆಗಳಿಗೂ ಅದೇ ಹೆಸರಿತ್ತು. ಹೆಸರು ಯಾವುದಾದರೂ ಶಿಕ್ಷೆ ಒಂದೇ, ಹೊರಗಿರುವುದು. ಏಸುಕ್ರಿಸ್ತನು ಕೈ ನೀಡಿ ಅವನನ್ನು ಮುಟ್ಟಿದನು. ಗುಣವಾದ ಮೇಲೆ, ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ಮೈ ತೋರಿಸು ಎಂದನು. ಯಾಜಕನು ಶುದ್ಧನೆಂದು ಒಪ್ಪಿದರೆ ಮಾತ್ರ ಅವನು ಮನೆಗೆ ಮರಳಬಹುದಾಗಿತ್ತು. ಮುಟ್ಟಿದರೆ ಮೈಲಿಗೆ ಎಂಬ ಮಾತನ್ನು ಬಲ್ಲ ನಮಗೆ, ಆ ಸ್ಪರ್ಶದ ಬೆಲೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಅದೇ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿದ್ದಾಳೆ. ವೈದ್ಯರಿಗೆ ಕೈಯಲ್ಲಿದ್ದುದೆಲ್ಲವನ್ನೂ ಸುರಿದರೂ ಅವಳ ರೋಗ ಹೆಚ್ಚಿತೇ ಹೊರತು ಇಳಿಯಲಿಲ್ಲ. ನಮ್ಮ ಮನೆಗಳಲ್ಲಿ 'ಹೊರಗೆ ಕೂತಿದ್ದಾಳೆ' ಎನ್ನುವುದು ಮೂರು ದಿನದ ಮಾತು; ಅವಳಿಗೆ ಅದು ಹನ್ನೆರಡು ವರ್ಷದ ಬಾಳಾಗಿತ್ತು. ಜನಸಂದಣಿಯಲ್ಲಿ ಹಿಂದಿನಿಂದ ಬಂದು ಕ್ರಿಸ್ತನ ಉಡುಪನ್ನು ಮುಟ್ಟಿದ ಕೂಡಲೇ ಅವಳಿಗೆ ಗುಣವಾಯಿತು. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕ್ರಿಸ್ತನು ನಿಂತು, ಮುಟ್ಟಿದವರು ಯಾರೆಂದು ಕೇಳಿದನು. ನಡುಗುತ್ತ ಮುಂದೆ ಬಂದವಳನ್ನು ಮಗಳೇ ಎಂದು ಕರೆದನು. ರೋಗ ಹೋದದ್ದು ಅವಳೊಬ್ಬಳಿಗೇ ಗೊತ್ತಿತ್ತು. ಅವಳು ಮಗಳೆಂಬುದು ಈಗ ಎಲ್ಲರ ಎದುರಿನಲ್ಲಿ ತಿಳಿಯಿತು.

ಮೂರನೆಯವನು ಯೋಹಾನನ ಸುವಾರ್ತೆಯ ಹುಟ್ಟುಕುರುಡ, ಕುಳಿತು ಭಿಕ್ಷೆ ಬೇಡುತ್ತಿದ್ದವನು. ಅವನನ್ನು ಕಂಡು ಶಿಷ್ಯರು ಕೇಳಿದ್ದು, ಇದು ಇವನ ಪಾಪವೋ, ತಂದೆತಾಯಿಗಳ ಪಾಪವೋ ಎಂದು. ನಾವಾಗಿದ್ದರೆ ಪೂರ್ವಜನ್ಮದ ಕರ್ಮ ಎನ್ನುತ್ತಿದ್ದೆವು. ಕ್ರಿಸ್ತನು ಎರಡನ್ನೂ ಅಲ್ಲಗಳೆದನು. ಕಣ್ಣು ಬಂದವನನ್ನು ಹಿರಿಯರು ವಿಚಾರಣೆ ಮಾಡಿ ಹೊರಗೆ ಹಾಕಿದರು. ಹೊರಗೆ ಬಿದ್ದವನನ್ನು ಕ್ರಿಸ್ತನೇ ಕಂಡು ಮಾತನಾಡಿಸಿದನು.

ಇಂಥ ಕಾರ್ಯಗಳಿಗೆ ಕನ್ನಡ ಬೈಬಲ್ಲು ಮಹತ್ಕಾರ್ಯ ಎನ್ನುವುದಲ್ಲದೆ ಸೂಚಕಕಾರ್ಯ ಎಂಬ ಮಾತನ್ನೂ ಬಳಸುತ್ತದೆ. ಗ್ರೀಕಿನ ಮೂಲಪದಕ್ಕೆ ಗುರುತು ಎಂಬುದೇ ಅರ್ಥ. ಗುರುತು ಬೇರೊಂದನ್ನು ತೋರಿಸಲು ಇರುವುದು. ಶಕ್ತಿಪ್ರದರ್ಶನಕ್ಕಾಗಿ ಗುರುತು ಬೇಡಿದವರಿಗೆ ಕ್ರಿಸ್ತನು ಅದನ್ನು ಕೊಡಲಿಲ್ಲವೆಂದು ಮಾರ್ಕನು ಬರೆದಿದ್ದಾನೆ. ಹೊರಗಿದ್ದವರು ಒಳಕ್ಕೆ ಬಂದರು ಎಂಬುದೇ ಈ ಮೂರು ಕಥೆಗಳೂ ತೋರುವ ಗುರುತು.

ಗುಬ್ಬಿಗೆ ಬಂದ ಮಿಷನ್ನೇ ಮುಂದೆ, 1906ರಲ್ಲಿ, ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ತೆರೆಯಿತು. ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಅಲ್ಲಿ ಪವಾಡವಿರಲಿಲ್ಲ, ವೈದ್ಯರೂ ದಾದಿಯರೂ ಔಷಧವೂ ಇದ್ದವು. ಕಥೆಯನ್ನು ಸಾರುವುದು ಒಂದಾದರೆ ಅದರಂತೆ ರೋಗಿಯ ಮೈ ಮುಟ್ಟುವುದು ಮತ್ತೊಂದು. ಎರಡನೆಯದಕ್ಕೆ ಮತಾಂತರದ ವಾದವಿವಾದಗಳು ಅಡ್ಡಬರಬೇಕಾಗಿಲ್ಲ.

ಔಷಧವೊಂದೇ ಸಾಲದೆಂಬುದಕ್ಕೂ ನಮ್ಮ ದೇಶದ ಚರಿತ್ರೆಯೇ ಸಾಕ್ಷಿ. ಕುಷ್ಠರೋಗಕ್ಕೆ ಕಾರಣ ಶಾಪವಲ್ಲ, ಸೂಕ್ಷ್ಮಾಣು ಎಂದು ನಾರ್ವೆಯ ವೈದ್ಯ ಹ್ಯಾನ್ಸೆನ್ 1873ರಲ್ಲಿ ಕಂಡುಕೊಂಡನು. ಆದರೂ 1898ರಲ್ಲಿ ಬಡ ಕುಷ್ಠರೋಗಿಗಳನ್ನು ಹಿಡಿದು ಆಶ್ರಮದಲ್ಲಿಡುವ ಕಾನೂನು ಬಂದಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಸೂಚಿಸಿತು. ಅದರಿಂದ ರೋಗ ಪೂರ್ತಿ ವಾಸಿಯಾಗುತ್ತದೆ. ಆದರೆ ಆ ಹಳೆಯ ಕಾನೂನು ರದ್ದಾದದ್ದು 2016ರಲ್ಲಿ. ಕುಷ್ಠವು ವಿವಾಹವಿಚ್ಛೇದನಕ್ಕೆ ಕಾರಣವೆಂಬ ಮಾತು ಕಾನೂನಿನಿಂದ ಹೋದದ್ದು 2019ರಲ್ಲಿ. ಮೈ ಗುಣವಾದ ಮೇಲೂ ಮನೆಯ ಬಾಗಿಲು ತೆರೆಯಲು ಅಷ್ಟು ಕಾಲ ಬೇಕಾಯಿತು.

ಕುರುಡನಿಗೆ ಕಣ್ಣು ಬಂದದ್ದು ನಿಜವೇ ಎಂದು ವಾದಿಸುವವರು ವಾದಿಸಲಿ. ನಂಬುವವರಿಗೂ ನಂಬದವರಿಗೂ ಆ ಕಥೆಗಳು ಒಂದೇ ಪ್ರಶ್ನೆಯನ್ನು ಕೇಳುತ್ತವೆ: ಗುಣವಾಗಿ ಬಂದವನಿಗೆ ನಿಮ್ಮ ಪಂಕ್ತಿಯಲ್ಲಿ ಎಲೆ ಹಾಕುವಿರಾ? ಮದ್ದನ್ನು ವೈದ್ಯನು ಕೊಟ್ಟಾನು. ಎಲೆ ಹಾಕಬೇಕಾದವರು ಮನೆಯವರು.