ಏಳು ರಚನೆಗಳಿಂದ ತುಂಬಿದ ಕಣಜ

1960ರ ದಶಕದಲ್ಲಿ ಒಂದು ಪ್ರೋಟೀನಿನ ಆಕಾರವನ್ನು ವಿವರವಾಗಿ ಅರಿಯಬೇಕೆಂದಿದ್ದ ವಿಜ್ಞಾನಿಗೆ ಇದ್ದದ್ದು ಒಂದೇ ದಾರಿ. ಅದನ್ನು ಕಂಡುಹಿಡಿದವರಿಗೆ ಪತ್ರ ಬರೆದು ಉತ್ತರಕ್ಕಾಗಿ ಕಾಯಬೇಕು. ಅವರು ಉದಾರಿಗಳಾಗಿದ್ದರೆ ಕೆಲವು ವಾರಗಳ ನಂತರ ಅಂಚೆಯಲ್ಲಿ ಒಂದು ಪೆಟ್ಟಿಗೆ ಬರುತ್ತಿತ್ತು. ಅದರ ತುಂಬ ತೂತು ಕೊರೆದ ರಟ್ಟಿನ ಕಾರ್ಡುಗಳು. ಒಂದು ಪರಮಾಣುವಿಗೆ ಒಂದು ಕಾರ್ಡು. ಮಯೋಗ್ಲೋಬಿನ್ ಎಂಬ ಪುಟ್ಟ ಪ್ರೋಟೀನಿಗೇ ಸಾವಿರಕ್ಕೂ ಹೆಚ್ಚು ಕಾರ್ಡುಗಳು ಬೇಕಾಗುತ್ತಿದ್ದವು. ಅವರು ಉದಾರಿಗಳಲ್ಲದಿದ್ದರೆ ಪೆಟ್ಟಿಗೆ ಬರುತ್ತಿರಲಿಲ್ಲ, ಅಷ್ಟೆ.

ಇಂದು ಧಾರವಾಡದ ವಿದ್ಯಾರ್ಥಿನಿಯೊಬ್ಬಳು ಅದೇ ಮಾಹಿತಿಯನ್ನು ಒಂದು ನಿಮಿಷದಲ್ಲಿ, ಯಾರ ಅನುಮತಿಯನ್ನೂ ಕೇಳದೆ, ಬಿಡಿಗಾಸೂ ಕೊಡದೆ ಪಡೆಯಬಹುದು. ಈ ಬದಲಾವಣೆಗೆ ಕಂಪ್ಯೂಟರೇ ಕಾರಣ ಎಂದು ತೋರಬಹುದು. ಅದು ಅರ್ಧ ಸತ್ಯ. ಉಳಿದರ್ಧ, ಒಂದು ಪ್ರಶ್ನೆಯ ಸುತ್ತ ದಶಕಗಳ ಕಾಲ ನಡೆದ ವಾದ, ಮನವೊಲಿಕೆ, ಮನಸ್ತಾಪಗಳ ಕಥೆ. ಒಬ್ಬ ವಿಜ್ಞಾನಿ ಬೆವರು ಸುರಿಸಿ ಗಳಿಸಿದ ದತ್ತಾಂಶ ಯಾರ ಸೊತ್ತು ಎಂಬುದೇ ಆ ಪ್ರಶ್ನೆ.

ಹರಳಿನಿಂದ ಆಕಾರಕ್ಕೆ

ನಮ್ಮ ದೇಹದ ಬಹುಪಾಲು ಕೆಲಸಗಳನ್ನು ನಡೆಸುವವು ಪ್ರೋಟೀನುಗಳು. ಉಸಿರಾಡಿದ ಆಮ್ಲಜನಕವನ್ನು ರಕ್ತದಲ್ಲಿ ಹೊತ್ತೊಯ್ಯುವ ಹಿಮೋಗ್ಲೋಬಿನ್, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್, ಅನ್ನವನ್ನು ಅರಗಿಸುವ ಕಿಣ್ವಗಳು ಎಲ್ಲವೂ ಪ್ರೋಟೀನುಗಳೇ. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರದಂತಿರುವ ಇವು ಸುಮ್ಮನೆ ಸರವಾಗಿ ಇರುವುದಿಲ್ಲ. ಸುತ್ತಿ, ಮಡಿಚಿ ಒಂದು ನಿರ್ದಿಷ್ಟ ಆಕಾರ ತಾಳುತ್ತವೆ. ಬೀಗಕ್ಕೆ ಕೀಲಿಕೈ ಹೇಗೋ ಹಾಗೆ, ಆಕಾರ ಸರಿಯಾಗಿದ್ದರೆ ಮಾತ್ರ ಕೆಲಸ. ಔಷಧ ತಯಾರಿಸುವವರಿಗೂ ಈ ಬೀಗದ ಒಳಗುಟ್ಟು ಬೇಕು.

ಆದರೆ ಪ್ರೋಟೀನು ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕದು. ಇಲ್ಲಿ ಜೀವವಿಜ್ಞಾನಕ್ಕೆ ಭೌತವಿಜ್ಞಾನದ ನೆರವು ಬೇಕಾಯಿತು. ಪ್ರೋಟೀನನ್ನು ಹರಳುಗಟ್ಟಿಸಿ ಅದರ ಮೇಲೆ ಕ್ಷ-ಕಿರಣ ಹಾಯಿಸಿದರೆ ಕಿರಣಗಳು ಚದುರಿ ಚುಕ್ಕೆಗಳ ವಿನ್ಯಾಸ ಮೂಡುತ್ತದೆ. ಸಾವಿರಾರು ಚುಕ್ಕೆಗಳ ತೀವ್ರತೆಯನ್ನು ಅಳೆದು, ಲೆಕ್ಕ ಹಾಕಿ, ಪ್ರತಿಯೊಂದು ಪರಮಾಣು ಎಲ್ಲಿದೆ ಎಂಬುದನ್ನು ಊಹಿಸಬೇಕು. ಕೊನೆಗೆ ಕೈಗೆ ಸಿಗುವುದು ಅಂಕಿಗಳ ಉದ್ದನೆಯ ಪಟ್ಟಿ. ಒಂದೊಂದು ಪರಮಾಣುವಿಗೂ ಮೂರು ಅಂಕಿಗಳಲ್ಲಿ ಅದರ ನೆಲೆ.

ಇದು ಎಷ್ಟು ಕಷ್ಟದ ಕೆಲಸವೆಂಬುದಕ್ಕೆ ಮ್ಯಾಕ್ಸ್ ಪೆರುಟ್ಜ್ ಅವರೇ ಸಾಕ್ಷಿ. ಕೇಂಬ್ರಿಜ್‌ನಲ್ಲಿ 1937ರಲ್ಲಿ ಹಿಮೋಗ್ಲೋಬಿನ್ ಬೆನ್ನುಹತ್ತಿದ ಅವರಿಗೆ ಅದರ ಒರಟು ಆಕಾರ ಕಂಡದ್ದು 1959ರಲ್ಲಿ. ನಡುವೆ ಇಪ್ಪತ್ತೆರಡು ವರ್ಷ! ಅವರ ಸಹೋದ್ಯೋಗಿ ಜಾನ್ ಕೆಂಡ್ರ್ಯೂ, ತಿಮಿಂಗಿಲದ ಸ್ನಾಯುವಿನಿಂದ ತೆಗೆದ ಮಯೋಗ್ಲೋಬಿನ್‌ನ ರಚನೆಯನ್ನು 1958ರಲ್ಲಿ ಪ್ರಕಟಿಸಿದ್ದರು. 1962ರಲ್ಲಿ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು.

ಇಷ್ಟು ವರ್ಷ ಉತ್ತು ಬಿತ್ತಿದವನು ಫಸಲನ್ನು ದಾರಿಹೋಕರಿಗೆ ಹಂಚಲು ಹಿಂದೆಮುಂದೆ ನೋಡಿದರೆ ತಪ್ಪೆನ್ನಲಾದೀತೇ? ಒಂದು ರಚನೆಯಿಂದ ಹತ್ತಾರು ಹೊಸ ಸಂಶೋಧನೆಗಳು ಹುಟ್ಟುತ್ತವೆ. ಅವನ್ನು ತಾನೇ ಮಾಡಬೇಕೆಂಬ ಆಸೆ ಸಹಜ. ಆದ್ದರಿಂದಲೇ ಪತ್ರಿಕೆಗಳಲ್ಲಿ ಚಿತ್ರ ಅಚ್ಚಾಗುತ್ತಿತ್ತು, ಅಂಕಿಗಳು ಕಪಾಟಿನಲ್ಲಿ ಉಳಿಯುತ್ತಿದ್ದವು. ಅಂಕಿ ಸಿಗದವರು ಮುದ್ರಿತ ಜೋಡಿಚಿತ್ರಗಳನ್ನೇ ಅಳೆದು ಪರಮಾಣುಗಳ ನೆಲೆಯನ್ನು ಹಿಮ್ಮುಖವಾಗಿ ಲೆಕ್ಕ ಹಾಕುವ ಸಾಹಸಕ್ಕೂ ಇಳಿದದ್ದುಂಟು.

ಕೇಳದೆ ಹಂಚಿದಾಗ

ದತ್ತಾಂಶ ಹಂಚಿಕೆಗೆ ಇನ್ನೊಂದು ಮುಖವೂ ಇದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ 1952ರ ಮೇ ತಿಂಗಳಲ್ಲಿ ಡಿಎನ್‌ಎಯ ಅತಿ ಸ್ಪಷ್ಟವಾದ ಕ್ಷ-ಕಿರಣ ಚಿತ್ರವೊಂದನ್ನು ತೆಗೆದರು. '51ನೆಯ ಚಿತ್ರ' ಎಂದೇ ಅದು ಪ್ರಸಿದ್ಧ. 1953ರ ಜನವರಿ ಕೊನೆಯಲ್ಲಿ ಮಾರಿಸ್ ವಿಲ್ಕಿನ್ಸ್ ಅದನ್ನು ಜೇಮ್ಸ್ ವಾಟ್ಸನ್‌ಗೆ ತೋರಿಸಿದರು. ಫ್ರಾಂಕ್ಲಿನ್‌ಗೆ ಇದು ಗೊತ್ತಿರಲಿಲ್ಲ. ಅವರ ಅಳತೆಗಳಿದ್ದ ವರದಿಯೊಂದು ಪೆರುಟ್ಜ್ ಮೂಲಕ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಕೈ ಸೇರಿತು. ಚಿತ್ರಕ್ಕಿಂತಲೂ ಈ ಅಳತೆಗಳೇ ಅವರಿಗೆ ಹೆಚ್ಚು ಉಪಯೋಗಕ್ಕೆ ಬಂದವು. ಅದೇ ಏಪ್ರಿಲ್ 25ರಂದು ಜೋಡಿಸುರುಳಿಯ ಮಾದರಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವರದಿ ಗುಟ್ಟಿನ ಕಾಗದವಾಗಿರಲಿಲ್ಲ ಎಂದು ಪೆರುಟ್ಜ್ 1969ರಲ್ಲಿ ಸಮಜಾಯಿಷಿ ಕೊಡಬೇಕಾಯಿತು. ಅಷ್ಟರಲ್ಲಿ ಫ್ರಾಂಕ್ಲಿನ್ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು.

ಈ ಪ್ರಸಂಗದ ಪಾಠ ಎರಡಲಗಿನದು. ದತ್ತಾಂಶ ಕೈಯಿಂದ ಕೈಗೆ ಹೋದದ್ದರಿಂದಲೇ ಡಿಎನ್‌ಎಯ ಗುಟ್ಟು ಬೇಗ ಬಯಲಾಯಿತು. ಆದರೆ ದುಡಿದವರ ಹೆಸರು ಜೊತೆಗೆ ಹೋಗಲಿಲ್ಲ. ಹಂಚಿಕೆ ಇರಬೇಕು, ಅದು ಎಲ್ಲರ ಕಣ್ಣೆದುರು, ಕೊಟ್ಟವರ ಹೆಸರಿನೊಡನೆ, ಎಲ್ಲರಿಗೂ ಒಂದೇ ನಿಯಮದಂತೆ ನಡೆಯಬೇಕು. ಅದಕ್ಕೊಂದು ವ್ಯವಸ್ಥೆ ಬೇಕಿತ್ತು.

ಬರ್ನಾಲ್ ಕಂಡ ಕನಸು

ಪೆರುಟ್ಜ್ ಅವರಿಗೆ ಗುರುವಾಗಿದ್ದ ಜೆ. ಡಿ. ಬರ್ನಾಲ್ ಇಂಥ ವ್ಯವಸ್ಥೆಯ ಕನಸು ಕಂಡವರಲ್ಲಿ ಮೊದಲಿಗರು. ಬಿಡಿಬಿಡಿ ಪ್ರಯೋಗಗಳ ಫಲವನ್ನು ಒಂದೆಡೆ ಕೂಡಿಹಾಕಿದರೆ, ಯಾವ ಒಂದು ಪ್ರಯೋಗದಿಂದಲೂ ಹೊರಡದ ಹೊಸ ತಿಳಿವಳಿಕೆ ಅದರಿಂದ ಹೊರಡುತ್ತದೆ ಎಂಬುದು ಅವರ ನಂಬಿಕೆ. ಅದನ್ನು ಹಂಚಿಕೊಂಡ ಓಲ್ಗಾ ಕೆನಾರ್ಡ್ 1965ರಲ್ಲಿ ಕೇಂಬ್ರಿಜ್‌ನಲ್ಲಿ ಸಣ್ಣ ಅಣುಗಳ ರಚನೆಗಳಿಗಾಗಿ ದತ್ತಾಂಶ ಕೇಂದ್ರವೊಂದನ್ನು ಕಟ್ಟಿದರು.

ಬರ್ನಾಲ್‌ಗೂ ದಕ್ಷಿಣ ಭಾರತಕ್ಕೂ ಒಂದು ನಂಟಿದೆ. 1952ರಲ್ಲಿ ಮದರಾಸಿಗೆ ಬಂದಿದ್ದ ಅವರು, ಚರ್ಮ ಮತ್ತು ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಪ್ರೋಟೀನಿನ ರಚನೆ ಇನ್ನೂ ಬಗೆಹರಿದಿಲ್ಲವೆಂದು ಅಲ್ಲಿನ ತರುಣ ಪ್ರಾಧ್ಯಾಪಕ ಜಿ. ಎನ್. ರಾಮಚಂದ್ರನ್ ಅವರಿಗೆ ಹೇಳಿದರು. ಆ ಮಾತನ್ನು ಹಿಡಿದು ಹೊರಟ ರಾಮಚಂದ್ರನ್, ಗೋಪಿನಾಥ ಕರ್ತಾ ಅವರೊಡನೆ ಸೇರಿ ಕೊಲಾಜೆನ್ನಿನ ಮೂರೆಳೆಯ ಸುರುಳಿಯನ್ನು ಮುಂದಿಟ್ಟರು. 1963ರಲ್ಲಿ ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆಗೂಡಿ, ಪ್ರೋಟೀನಿನ ಸರ ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು ಎಂಬುದನ್ನು ತೋರಿಸುವ ನಕ್ಷೆಯನ್ನು ಪ್ರಕಟಿಸಿದರು. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅದು 'ರಾಮಚಂದ್ರನ್ ನಕ್ಷೆ'. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು.

ಏಳರಿಂದ ಶುರು

1971ರ ಜೂನ್‌ನಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಪ್ರೋಟೀನುಗಳ ರಚನೆ ಕುರಿತ ಸಮ್ಮೇಳನ ನಡೆಯಿತು. ಪೆರುಟ್ಜ್ ಕೂಡ ಅಲ್ಲಿದ್ದರು. ಹಂಚಿಕೆಗೊಂದು ದಾರಿ ಬೇಕೆಂದು ತರುಣ ವಿಜ್ಞಾನಿಗಳು ಪಟ್ಟು ಹಿಡಿದರು. ಹತ್ತಿರದ ಬ್ರೂಕ್‌ಹೇವನ್ ಪ್ರಯೋಗಾಲಯದ ವಾಲ್ಟರ್ ಹ್ಯಾಮಿಲ್ಟನ್ ತಮ್ಮಲ್ಲೇ ಇದನ್ನು ಇಡುವುದಾಗಿ ಮುಂದೆ ಬಂದರು. ಕೇಂಬ್ರಿಜ್ ಕೇಂದ್ರ ಕೈಜೋಡಿಸಿತು. ಅದೇ ಅಕ್ಟೋಬರ್‌ನಲ್ಲಿ ಪತ್ರಿಕೆಯೊಂದರಲ್ಲಿ ಪುಟ್ಟ ಪ್ರಕಟಣೆ ಬಂತು. ಹೀಗೆ ಹುಟ್ಟಿದ್ದು 'ಪ್ರೋಟೀನ್ ಡೇಟಾ ಬ್ಯಾಂಕ್'. ಆರಂಭದ ಬಂಡವಾಳ ಏಳೇ ಏಳು ರಚನೆಗಳು.

ಬ್ಯಾಂಕ್ ಎಂಬ ಹೆಸರಿದ್ದರೂ ಇದು ಕಣಜದಂತೆ. ಯಾರು ಬೇಕಾದರೂ ತಂದು ಸುರಿಯಬಹುದು, ಯಾರು ಬೇಕಾದರೂ ಒಯ್ಯಬಹುದು. ಎಷ್ಟು ಒಯ್ದರೂ ಕಾಳು ಕಡಿಮೆಯಾಗದು. ಕಾರ್ಡುಗಳ ಜಾಗಕ್ಕೆ ಮ್ಯಾಗ್ನೆಟಿಕ್ ಟೇಪುಗಳು ಬಂದವು. ಆದರೆ ಹ್ಯಾಮಿಲ್ಟನ್ ಇದರ ಬೆಳವಣಿಗೆಯನ್ನು ನೋಡಲಿಲ್ಲ. 1973ರ ಜನವರಿಯಲ್ಲಿ, ಇನ್ನೂ ನಲವತ್ತೊಂದರ ಪ್ರಾಯದಲ್ಲಿ ಅವರು ತೀರಿಕೊಂಡರು.

ಕಣಜ ಸಿದ್ಧವಾಯಿತೆಂದು ಕಾಳು ತಾನಾಗಿ ಬಂದು ಬೀಳಲಿಲ್ಲ. ತಂದು ಸುರಿಯುವುದು ಅವರವರ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. ಸಂಶೋಧನಾ ಲೇಖನ ಪ್ರಕಟಿಸಿ ಕೀರ್ತಿ ಪಡೆದ ಹಲವರು ಅಂಕಿಗಳನ್ನು ಮಾತ್ರ ಕೊಡಲಿಲ್ಲ. ಆಧಾರ ತೋರಿಸದೆ ತೀರ್ಪು ಮಾತ್ರ ಓದಿ ಹೇಳಿದರೆ ಅದನ್ನು ವಿಜ್ಞಾನವೆನ್ನುವುದು ಹೇಗೆ ಎಂದು ಇತರರು ಕೇಳತೊಡಗಿದರು. 1980ರ ದಶಕದಲ್ಲಿ ಸಹಿಸಂಗ್ರಹ ನಡೆಯಿತು, ಸಮಿತಿಗಳು ಕೂತವು. ಏಡ್ಸ್ ರೋಗ ಹಬ್ಬಿದ್ದು ಇದೇ ಕಾಲದಲ್ಲಿ. ಎಚ್‌ಐವಿಯ ಒಂದು ಮುಖ್ಯ ಕಿಣ್ವದ ರಚನೆ 1989ರಲ್ಲಿ ಬಯಲಾಯಿತು. ಅದನ್ನು ತಡೆಯುವ ಮೊದಲ ಔಷಧಕ್ಕೆ ಅಮೆರಿಕದಲ್ಲಿ 1995ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ರೋಗಿಗಳು ಸಾಯುತ್ತಿರುವಾಗ ಅಂಕಿಗಳು ಕಪಾಟಿನಲ್ಲಿರುವುದು ಸರಿಯೇ ಎಂಬ ಪ್ರಶ್ನೆಗೆ ಆಗ ಬೇರೆಯೇ ತೂಕ ಬಂತು.

1989ರಲ್ಲಿ ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟ ರಾಜಿಸೂತ್ರವೊಂದನ್ನು ತಂದಿತು. ಲೇಖನ ಪ್ರಕಟವಾಗಬೇಕಾದರೆ ಪರಮಾಣುಗಳ ನೆಲೆಗಳನ್ನು ಕಣಜಕ್ಕೆ ಒಪ್ಪಿಸಬೇಕು. ಬೇಕಿದ್ದರೆ ಒಂದು ವರ್ಷ ಗೋಪ್ಯವಾಗಿ ಇಡಿಸಬಹುದು. ಮೂಲ ಅಳತೆಗಳಿಗೆ ನಾಲ್ಕು ವರ್ಷದ ಗಡುವು. ಈ ವಿನಾಯಿತಿಯೂ ಕ್ರಮೇಣ ಕರಗಿತು. 1998ರ ಹೊತ್ತಿಗೆ 'ನೇಚರ್', 'ಸೈನ್ಸ್' ಪತ್ರಿಕೆಗಳು ಲೇಖನ ಪ್ರಕಟವಾದ ಕ್ಷಣವೇ ಅಂಕಿಗಳೂ ಹೊರಬರಬೇಕೆಂದವು. 2008ರಿಂದ ಮೂಲ ಅಳತೆಗಳನ್ನು ಒಪ್ಪಿಸುವುದೂ ಕಡ್ಡಾಯವಾಯಿತು. ಈ ನಡುವೆ ಕಣಜ ಬ್ರೂಕ್‌ಹೇವನ್‌ನಿಂದ ಹೆಲೆನ್ ಬರ್ಮನ್ ನೇತೃತ್ವದ ವಿಶ್ವವಿದ್ಯಾಲಯಗಳ ಕೂಟಕ್ಕೆ ವರ್ಗವಾಗಿತ್ತು. 2003ರಲ್ಲಿ ಅಮೆರಿಕ, ಯುರೋಪ್ ಮತ್ತು ಜಪಾನಿನ ಕೇಂದ್ರಗಳು ಒಂದೇ ವಿಶ್ವ ಸಂಸ್ಥೆಯಡಿ ಬಂದವು.

ಜೊಳ್ಳು ಕಾಳು

ಕಣಜಕ್ಕೆ ಜೊಳ್ಳು ಬಿದ್ದರೆ? ಇಲ್ಲಿ ನೆರವಿಗೆ ಬಂದದ್ದು ರಾಮಚಂದ್ರನ್ ನಕ್ಷೆ. ರಚನೆಯೊಂದರ ಕೋನಗಳು ನಕ್ಷೆಯ ನಿಷಿದ್ಧ ಪ್ರದೇಶದಲ್ಲಿ ಬಿದ್ದಿದ್ದರೆ ಎಲ್ಲೋ ತಪ್ಪಾಗಿದೆ ಎಂದು ಅನುಮಾನಿಸಬಹುದು. ಹೊಸ ರಚನೆಯನ್ನು ಒರೆಗೆ ಹಚ್ಚುವ ಮುಖ್ಯ ಪರೀಕ್ಷೆಗಳಲ್ಲಿ ಇಂದಿಗೂ ಅದು ಒಂದು. ಯಾವ ಹಣಕಾಸಿನ ಬಲವೂ ಇಲ್ಲದ ಕಾಲದಲ್ಲಿ ಮದರಾಸಿನಲ್ಲಿ ಗುಣಿಸಿ ಭಾಗಿಸಿ ತಯಾರಾದ ಆ ನಕ್ಷೆ ಜಗತ್ತಿನ ಕಣಜಕ್ಕೆ ಜರಡಿಯಾಯಿತು.

ಉದ್ದೇಶಪೂರ್ವಕ ಮೋಸವೂ ನಡೆದಿದೆ. ಅಮೆರಿಕದ ಸಂಶೋಧಕರೊಬ್ಬರು ಪ್ರಕಟಿಸಿದ ರಚನೆಯ ಅಂಕಿಗಳು ಸಹಜವಾಗಿಲ್ಲವೆಂದು 2007ರಲ್ಲಿ ಬೇರೆ ವಿಜ್ಞಾನಿಗಳು ತೋರಿಸಿದರು. ಅವರು ಕೆಲಸ ಮಾಡಿದ್ದ ವಿಶ್ವವಿದ್ಯಾಲಯ ತನಿಖೆ ನಡೆಸಿ, ಹತ್ತಕ್ಕೂ ಹೆಚ್ಚು ರಚನೆಗಳು ಕೃತಕವಿರಬಹುದೆಂದು 2009ರಲ್ಲಿ ಹೇಳಿತು. ಅಂಕಿಗಳು ಕಪಾಟಿನಲ್ಲೇ ಇದ್ದಿದ್ದರೆ ಈ ಕಳ್ಳತನ ಹೊರಬೀಳುತ್ತಿತ್ತೇ?

ಬೆಂಗಳೂರೂ ಈ ಕಣಜಕ್ಕೆ ಕಾಳು ಹಾಕಿದೆ. ಡೊರೊಥಿ ಹಾಜ್‌ಕಿನ್ ಅವರ ತಂಡದಲ್ಲಿದ್ದು 1969ರಲ್ಲಿ ಇನ್ಸುಲಿನ್ ರಚನೆ ಬಿಡಿಸಿದವರಲ್ಲಿ ಒಬ್ಬರಾದ ಎಂ. ವಿಜಯನ್, ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನುಗಳ ಸ್ಫಟಿಕವಿಜ್ಞಾನವನ್ನು ಬೆಳೆಸಿದರು. ಅವರ ತಂಡ 1994ರಲ್ಲಿ ಪ್ರಕಟಿಸಿದ ರಚನೆ ಯಾವುದರದು ಗೊತ್ತೇ? ಕಡಲೆಕಾಯಿಯಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನಿನದು. ಪರಿಷೆಯ ಊರಿಗೆ ತಕ್ಕ ಕೊಡುಗೆ!

ಕೊಯ್ಲಿನ ಕಾಲ

ಐವತ್ತು ವರ್ಷ ಕೂಡಿಟ್ಟದ್ದು 2020ರಲ್ಲಿ ಕೈಗೆ ಬಂತು. ಆ ಜನವರಿ 11ರಂದು ಕೊರೊನಾ ವೈರಸ್ಸಿನ ಜೀನೋಮನ್ನು ಚೀನದ ವಿಜ್ಞಾನಿಗಳು ಬಹಿರಂಗಪಡಿಸಿದರು. ಫೆಬ್ರವರಿ 5ಕ್ಕೆಲ್ಲ ವೈರಸ್ಸಿನ ಒಂದು ಪ್ರಮುಖ ಕಿಣ್ವದ ರಚನೆ ಕಣಜದಲ್ಲಿ ಎಲ್ಲರಿಗೂ ಲಭ್ಯವಾಗಿತ್ತು. ಪೆರುಟ್ಜ್‌ಗೆ ಇಪ್ಪತ್ತೆರಡು ವರ್ಷ ಹಿಡಿದ ಕೆಲಸ ಒಂದು ತಿಂಗಳೊಳಗೆ ಮುಗಿದದ್ದು ಹೇಗೆ? ಉಪಕರಣಗಳು ಸುಧಾರಿಸಿದ್ದವು ನಿಜ. ಜೊತೆಗೆ 2003ರ ಸಾರ್ಸ್ ವೈರಸ್ಸಿನ ಇಂಥದೇ ಕಿಣ್ವದ ರಚನೆ ಕಣಜದಲ್ಲಿ ಮೊದಲೇ ಇತ್ತು. ಅದನ್ನು ಅಚ್ಚಾಗಿಟ್ಟುಕೊಂಡು ಹೊಸದನ್ನು ಬಿಡಿಸಲಾಯಿತು. ಅದೇ ಕಿಣ್ವವನ್ನು ತಡೆಯುವ ಗುಳಿಗೆಗೆ 2021ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ತುರ್ತು ಅನುಮತಿ ದೊರೆಯಿತು.

ಬರ್ನಾಲ್ ನಂಬಿಕೆ ಪೂರ್ತಿ ನಿಜವಾದದ್ದು 2020ರ ನವೆಂಬರ್‌ನಲ್ಲಿ. ಅಮೈನೋ ಆಮ್ಲಗಳ ಸರಣಿಯಿಂದಲೇ ಪ್ರೋಟೀನಿನ ಆಕಾರವನ್ನು ಊಹಿಸುವ ಸ್ಪರ್ಧೆ 1994ರಿಂದ ನಡೆಯುತ್ತಿದೆ. ಆ ಬಾರಿ 'ಆಲ್ಫಾಫೋಲ್ಡ್' ಎಂಬ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಎಲ್ಲರನ್ನೂ ಬೆರಗುಗೊಳಿಸಿತು. ಅದು ಕಲಿತದ್ದು ಕಣಜದಲ್ಲಿದ್ದ ಸುಮಾರು 1,70,000 ರಚನೆಗಳಿಂದ. 2022ರ ಹೊತ್ತಿಗೆ ಅದು 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರವನ್ನು ಅಂದಾಜಿಸಿತ್ತು. 2023ರ ಜನವರಿಯಲ್ಲಿ ಕಣಜದ ಸ್ವಂತ ಸಂಗ್ರಹ ಎರಡು ಲಕ್ಷ ದಾಟಿತು. 2024ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದ ಅರ್ಧ ಭಾಗ ಆಲ್ಫಾಫೋಲ್ಡ್ ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಉಳಿದರ್ಧ ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಅವರಿಗೆ ಸಂದಿತು.

ಕಣಜಕ್ಕೆ ಕಾಳು ತಂದ ಸಾವಿರಾರು ಜನ ಆ ವೇದಿಕೆಯ ಮೇಲೆ ಇರಲಿಲ್ಲ. ಹರಳು ಕಟ್ಟಲೆಂದು ತಿಂಗಳುಗಟ್ಟಲೆ ಕಾದವರು, ಚುಕ್ಕೆಗಳನ್ನು ಅಳೆದು ಕಣ್ಣು ಸೋತವರು ಅವರು. 1953ರ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ ಎನ್ನಬೇಕು. ಆದರೂ ಒಂದು ವ್ಯತ್ಯಾಸವಿದೆ. ಅಂದು ಚಿತ್ರ ಒಬ್ಬರ ಬೆನ್ನ ಹಿಂದೆ ಕೈ ದಾಟಿತ್ತು. ಇಂದು ಕಣಜದ ಒಂದೊಂದು ರಚನೆಯ ತಲೆಯ ಮೇಲೂ ಅದನ್ನು ತಂದು ಸುರಿದವರ ಹೆಸರಿದೆ. ಓದಲು ಮನಸ್ಸಿರುವ ಯಾರು ಬೇಕಾದರೂ ಓದಬಹುದು.