ಇಲಿಗೆ ಹೆದರಿ ಕಟ್ಟಿದ ಬಡಾವಣೆ

ನಮ್ಮ ಮಲ್ಲೇಶ್ವರ ಎದ್ದದ್ದೇ ಇಲಿಯ ಭಯಕ್ಕೆ. 1898ರಲ್ಲಿ ರೈಲು ಹತ್ತಿ ಬಂದ ಪ್ಲೇಗು ಬೆಂಗಳೂರು ಪೇಟೆಯ ಇಕ್ಕಟ್ಟು ಗಲ್ಲಿಗಳನ್ನು ಹೊಕ್ಕಿತು. ಸೂರಿನಿಂದ ಇಲಿ ಬಿತ್ತೆಂದರೆ ಬೀಗ ಜಡಿದು ಊರಾಚೆಯ ಗುಡಿಸಲಿಗೆ ಹೊರಡುವುದೇ, ಅನ್ನುತ್ತಿದ್ದಳು ನಮ್ಮಜ್ಜಿ. ಇಲಿಯ ಚಿಗಟವೇ ರೋಗ ಹರಡುವುದೆಂದು ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ತೋರಿಸಿದ್ದೂ ಅದೇ ವರ್ಷ. ಆಮೇಲೆ ಬಂದವು ಅಗಲ ರಸ್ತೆ, ಹಿತ್ತಿಲಲ್ಲಿ ಕಸ, ಮಲ ಸಾಗಿಸುವ ಕನ್ಸರ್ವೆನ್ಸಿ ಓಣಿಗಳ ಬಸವನಗುಡಿ, ಮಲ್ಲೇಶ್ವರ.

ಇಲಿಯೆಂದರೆ ಹೆದರುವ ಅಂಥ ಮನೆಯಿಂದ ನಾನು ಪ್ರಯೋಗಾಲಯವೊಂದರ ಇಲಿಮನೆಗೆ ಕೆಲಸಕ್ಕೆ ಸೇರಿದೆ. ಬಚ್ಚಲಲ್ಲಿ ಮಿಂದ ಮೇಲೆಯೇ ಅಜ್ಜಿ ಊಟಕ್ಕೆ ಕೂರಿಸುತ್ತಿದ್ದುದು.

ಅಂದೇ ಹುಟ್ಟಿದ ಸುಂಡಿಲಿ ಮರಿಯನ್ನು ಅಂಗೈ ಮೇಲಿಟ್ಟು ನೋಡಬೇಕು. ಒಂದು ಗ್ರಾಂ ಚಿಲ್ಲರೆ ತೂಕ, ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ. ತೆಳು ಚರ್ಮದೊಳಗೆ ಕುಡಿದ ಹಾಲು ಬಿಳಿ ಮಚ್ಚೆಯಾಗಿ ಕಾಣುತ್ತದೆ. ಅದರ ಪಕ್ಕ ಕಡುಗೆಂಪು ಲಿವರ್. ಹುಟ್ಟುವ ಮುಂಚೆ ರಕ್ತದ ದೊಡ್ಡ ಕಾರ್ಖಾನೆ ಅದೇ.

ರಕ್ತಕ್ಕೆಲ್ಲ ಮೂಲವಾದ ಕಾಂಡಕೋಶವೊಂದಿದೆ ಎನ್ನುವುದಕ್ಕೆ ಗಟ್ಟಿ ಆಧಾರ ಕೊಟ್ಟವರು ಟೊರಾಂಟೋದ ಟಿಲ್ ಮತ್ತು ಮೆಕುಲಕ್, 1961ರಲ್ಲಿ. ವಿಕಿರಣಕ್ಕೆ ಸಿಕ್ಕಿದ ಇಲಿಗೆ ಬೇರೊಂದರ ಅಸ್ಥಿಮಜ್ಜೆ ಚುಚ್ಚಿದರು. ಹತ್ತು ದಿನಕ್ಕೆ ಚುಚ್ಚಿಸಿಕೊಂಡ ಇಲಿಯ ಗುಲ್ಮದ ಮೇಲೆ ರಕ್ತಕೋಶಗಳ ಗಂಟುಗಳೆದ್ದವು. ಈ ಕೋಶ ಭ್ರೂಣದಲ್ಲಿ ಹುಟ್ಟುವುದೆಲ್ಲಿ? ಹಳದಿಚೀಲದಲ್ಲೆಂದೇ ಬಹುಕಾಲ ನಂಬಿದ್ದರು. 1990ರ ದಶಕದಲ್ಲಿ ಮೆಡ್ವಿನ್ಸ್ಕಿ, ಜೀರ್ಜಾಕ್ ಇಬ್ಬರೂ ಮಹಾಪಧಮನಿಯ ಆಸುಪಾಸನ್ನು ತೋರಿಸಿದರು. ಇಲಿಯ ಬಸಿರು ಸುಮಾರು 20 ದಿನ. ಅದರ ಹತ್ತು ಹನ್ನೊಂದನೆಯ ದಿನ ಅಲ್ಲಿ ಕಾಣಿಸಿಕೊಂಡ ಕೋಶ ಲಿವರಿಗೆ ಹೋಗಿ ಸಂಖ್ಯೆ ಬೆಳೆಸಿಕೊಂಡು, ಹೆರಿಗೆಯ ಹೊತ್ತಿಗೆ ಮೂಳೆಯೊಳಗೆ ಸೇರತೊಡಗುತ್ತದೆ. ಪ್ಲೇಗಿನ ಕಾಲದ ಸಂಸಾರಗಳಂತೆ ಬಿಡಾರ ಬದಲಿಸುವುದೇ ಅದರ ಬಾಳು!

ನನಗೆ ಹೆಚ್ಚು ಸೋಜಿಗವೆನಿಸಿದ್ದು ಹುಟ್ಟಿದ ಮೇಲಿನದು. ಮೊದಲ ಮೂರು ವಾರ ಈ ಕೋಶಗಳು ಬಿಡುವಿಲ್ಲದೆ ಒಡೆದು ಹೆಚ್ಚುತ್ತವೆ. ನಾಲ್ಕನೆಯ ವಾರಕ್ಕೆ ಬಹುಪಾಲು ನಿದ್ದೆಗೆ ಜಾರುತ್ತವೆ. ಒಂದೇ ವಾರದಲ್ಲಿ ಇಷ್ಟು ಬದಲಾವಣೆ! ಆ ನಿದ್ದೆ ಮುಖ್ಯ. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮನೀಷಾ ಇನಾಮದಾರ್ ತಂಡ ಅಸ್ರಿಜ್ ಎಂಬ ಪ್ರೋಟೀನ್ ಇಲ್ಲದ ಇಲಿಗಳನ್ನು ಬೆಳೆಸಿತು. ಅವುಗಳ ಕಾಂಡಕೋಶಗಳಿಗೆ ನಿದ್ದೆಯಿಲ್ಲ. ವಯಸ್ಸಾದಂತೆ ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚಿದವು. 2019ರಲ್ಲಿ ಅದು ಅಚ್ಚಾಯಿತು.